ಬಸ್ಸಿನಲ್ಲಿ ಬೆಟ್ಟಕ್ಕೆ, ಕಾಲ್ನಡಿಗೆಯಲ್ಲಿ ಕಡಲಿಗೆ: ಹೊನೊಲುಲು ಬಡಾವಣೆಗಳನ್ನು ನೋಡುವ ಬಗೆ

ಹವಾಯಿಗೆ ಹೋಗಿಬಂದ ನಮ್ಮವರ ಫೋಟೊಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರೇ: ವೈಕಿಕಿ ಬೀಚು, ಡೈಮಂಡ್ ಹೆಡ್ ಬೆಟ್ಟದ ತುದಿ, ಪರ್ಲ್ ಹಾರ್ಬರ್. ಮೂರೂ ಚೆನ್ನಾಗಿವೆ, ಬೇಡವೆನ್ನುವುದಿಲ್ಲ. ಆದರೆ ಓಹಾಹು ದ್ವೀಪದ ಹೊನೊಲುಲು ಎಂಬ ಈ ಊರಿನ ತಮಾಷೆಗಳೆಲ್ಲ ಹೋಟೆಲ್ ಸಾಲಿನ ಹಿಂದಿವೆ. ಸಮಾಧಿಯ ಮೇಲೆ ಬೇಸ್‌ಬಾಲ್ ಚೆಂಡು, ನೀಲಿ ರಿಬ್ಬನ್ ಕಟ್ಟಿಸಿಕೊಂಡ ಮರ, ಬೋಧಗಯೆಯ ಗೋಪುರದಂತೆ ಕಾಣುವ ಜಪಾನಿ ಮಂದಿರ, ಎಕ್ಕದ ಹೂವಿನ ಹಾರ ಮಾರುವ ಅಂಗಡಿ. ಇವು ಯಾವ ಟೂರ್ ಬಸ್ಸಿನ ಕಿಟಕಿಗೂ ಸಿಗುವುದಿಲ್ಲ. ಅರ್ಧ ದಿನದ ಬಿಡುವು, ಒಂದು ಬಸ್ ಕಾರ್ಡು, ಸವೆಯದ ಚಪ್ಪಲಿ ಇದ್ದರೆ ಸಾಕು.

ಮೊದಲು ದಿಕ್ಕು ಕಲಿಯಿರಿ

ಹೊನೊಲುಲುವಿನಲ್ಲಿ ಯಾರನ್ನಾದರೂ ದಾರಿ ಕೇಳಿದರೆ ಉತ್ತರ, ದಕ್ಷಿಣ ಎನ್ನುವುದಿಲ್ಲ. ಬೆಟ್ಟದ ಕಡೆಗೆ ಮೌಕಾ, ಕಡಲ ಕಡೆಗೆ ಮಕಾಯ್. ಉಳಿದ ಎರಡು ದಿಕ್ಕಿಗೆ ಜಾಗಗಳ ಹೆಸರು: ಪಶ್ಚಿಮಕ್ಕೆ ಎವಾ, ಪೂರ್ವಕ್ಕೆ ಡೈಮಂಡ್ ಹೆಡ್. "ಎರಡು ಬ್ಲಾಕ್ ಮೌಕಾ ಹೋಗಿ, ಎವಾ ಬದಿಯ ಮೂಲೆ" ಎಂದರೆ ವಿಳಾಸ ಪೂರ್ತಿಯಾಯಿತು. ಕರಾವಳಿ ಬಾಗಿಕೊಂಡೇ ಸಾಗುವ ಊರಿನಲ್ಲಿ ದಿಕ್ಸೂಚಿಯ ಉತ್ತರಕ್ಕಿಂತ ಇದೇ ಹೆಚ್ಚು ಉಪಯೋಗ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಮಾತಾಡುವ ನಮ್ಮ ಉತ್ತರ ಕನ್ನಡದವರಿಗೆ ಇದು ಹೊಸದೂ ಅನ್ನಿಸಲಿಕ್ಕಿಲ್ಲ.

ಇದರ ಹಿಂದೆ ಹಳೆಯ ಭೂವಿಭಾಗವೊಂದಿದೆ. ಹವಾಯಿಯ ಮೂಲ ಜನ ದ್ವೀಪವನ್ನು ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಸೀಳುಗಳಾಗಿ ಹಂಚಿಕೊಂಡಿದ್ದರು. ಅಹುಪುಆ ಎಂದು ಅದರ ಹೆಸರು. ಸಾಮಾನ್ಯವಾಗಿ ಒಂದು ಸೀಳಿಗೆ ಒಂದು ಹಳ್ಳ. ಮೇಲೆ ಕಾಡು, ನಡುವೆ ಕೆಸುವಿನ ಗದ್ದೆ, ಕೆಳಗೆ ಮೀನಿನ ಕೊಳ. ಇಂದಿನ ಬಡಾವಣೆಗಳೂ ಬಹುಮಟ್ಟಿಗೆ ಅದೇ ಕಣಿವೆಗಳಲ್ಲಿ ಕೂತಿವೆ. ಆದ್ದರಿಂದ ನನ್ನ ಒಂದೇ ಸೂತ್ರ: ಬಸ್ಸಿನಲ್ಲಿ ಮೌಕಾ ಏರಿ, ನಡೆದು ಮಕಾಯ್ ಇಳಿಯಿರಿ. ಮಂಡಿಗೂ ಒಳ್ಳೆಯದು, ದಾರಿಯೂ ತಪ್ಪುವುದಿಲ್ಲ. ಇಳಿಜಾರು ಎತ್ತ ಕರೆದರೆ ಅತ್ತ ಹೋದರೂ ಕೊನೆಗೆ ಕಡಲೇ.

ಬಸ್ಸಿಗೆ ಹೋಲೊ ಕಾರ್ಡ್ ಕೊಳ್ಳಿ, ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಸಿಗುತ್ತದೆ. ಒಮ್ಮೆ ಸುಮಾರು ಮೂರು ಡಾಲರ್ ಕೊಟ್ಟರೆ ಎರಡೂವರೆ ಗಂಟೆಯವರೆಗೆ ಬಸ್ಸು ಬದಲಾಯಿಸಬಹುದು. 2023ರಲ್ಲಿ ಶುರುವಾದ ಸ್ಕೈಲೈನ್ ರೈಲು ವೈಕಿಕಿಗೆ ಬರುವುದಿಲ್ಲ, ಈ ನಡಿಗೆಗಳಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊತ್ತು ಮತ್ತು ತಿಂಗಳು

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಕೂಲಾವ್ ಬೆಟ್ಟಸಾಲಿಗೆ ಬಡಿದು ಮಳೆ ಸುರಿಸುತ್ತದೆ. ಅದಕ್ಕೇ ವೈಕಿಕಿಯಲ್ಲಿ ಬಿಸಿಲು ಕಾಯುತ್ತಿರುವಾಗ ಐದಾರು ಕಿಲೋಮೀಟರ್ ಆಚೆಯ ಮಾನೋವ ಕಣಿವೆಯ ತಲೆಯಲ್ಲಿ ಜಿಟಿಜಿಟಿ ಹನಿಯುತ್ತಿರುತ್ತದೆ. ಕೊಡೆ ಬೇಡ, ಗಾಳಿಗೆ ತಿರುಚಿಕೊಳ್ಳುತ್ತದೆ. ತೆಳು ಜಾಕೆಟ್ ಸಾಕು, ಮಳೆ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ. ಸಂಜೆ ಸೂರ್ಯ ಬೆನ್ನಿಗಿರುವಾಗ ಕಣಿವೆಯ ಕಡೆ ತಿರುಗಿ ನಿಂತರೆ ಕಾಮನಬಿಲ್ಲು ಕಾಣುವ ಸಂಭವ ಹೆಚ್ಚು. ಈ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದೇ ಇದೆ.

ಬೆಳಗ್ಗೆ ಏಳಕ್ಕೆ ಹೊರಡಿ, ಹನ್ನೊಂದರೊಳಗೆ ಮುಗಿಸಿ. ತಿಂಗಳು ಆರಿಸುವ ಅವಕಾಶ ಇದ್ದವರಿಗೆ ಎರಡು ಆಕರ್ಷಣೆಗಳನ್ನು ಹೇಳುತ್ತೇನೆ.

ಒಂದು, ಜೂನ್‌ನಿಂದ ಅಕ್ಟೋಬರ್ ನಡುವಿನ ಕೆಲವು ರಾತ್ರಿಗಳು. ಪುನಾಹೋ ಶಾಲೆಯ ಕಲ್ಲಿನ ಕಾಂಪೌಂಡಿನ ಮೇಲೆ ಹಬ್ಬಿದ ಕಳ್ಳಿಯ ಬೇಲಿ ಅಂಗೈಗಿಂತ ದೊಡ್ಡ ಬಿಳಿ ಹೂಗಳನ್ನು ಅರಳಿಸುತ್ತದೆ, ಬೆಳಗಿನ ಬಿಸಿಲಿಗೆ ಎಲ್ಲ ಬಾಡುತ್ತವೆ. ಮಿಷನರಿ ಸಿಬಿಲ್ ಬಿಂಗಮ್ 1836ರ ಸುಮಾರಿಗೆ ನೆಟ್ಟ ಬಳ್ಳಿ ಎನ್ನುತ್ತಾರೆ. ನಮ್ಮವರು ಇದನ್ನು ನೋಡಿದ ಕೂಡಲೇ "ಬ್ರಹ್ಮಕಮಲ" ಎನ್ನುವುದುಂಟು. ಅಲ್ಲ, ಇದು ಬಿಜಾಪುರ, ಬಾಗಲಕೋಟೆಯ ರೈತರೂ ಈಗ ಕಂಬ ನೆಟ್ಟು ಬೆಳೆಯುತ್ತಿರುವ ಡ್ರ್ಯಾಗನ್ ಫ್ರೂಟ್ ಜಾತಿಯ ಬಳ್ಳಿ. ಅದನ್ನು ಬರೀ ಬೇಲಿಯಾಗಿ, ಅದೂ ಸುಮಾರು ಎರಡು ಶತಮಾನದಿಂದ ಇಟ್ಟುಕೊಂಡಿರುವುದೇ ಸೋಜಿಗ.

ಇನ್ನೊಂದು, ಮೇ 26ರ ಆಸುಪಾಸು ಅಥವಾ ಜುಲೈ ಮಧ್ಯಭಾಗ. ಹೊನೊಲುಲು 21 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ನಾವು ಶೂನ್ಯ ನೆರಳಿನ ದಿನ ಎನ್ನುತ್ತೇವಲ್ಲ, ಅದೇ. ಅಲ್ಲಿ ಅದಕ್ಕೆ ಲಹೈನಾ ನೂನ್ ಎಂಬ ಹೆಸರು. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇದು ನಡೆಯುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನಗರಸಭೆ ಕಚೇರಿಯ ಪಕ್ಕದ ಹುಲ್ಲುಹಾಸಿಗೆ ಹೋಗಿ. ಇಸಾಮು ನೊಗುಚಿ 1977ರಲ್ಲಿ ಮಾಡಿದ 'ಸ್ಕೈ ಗೇಟ್' ಅಲ್ಲಿದೆ. ದಪ್ಪ ಕೊಳವೆಯನ್ನು ಯಾರೋ ತಿರುಚಿ ಬಿಟ್ಟಂತೆ ಕಾಣುವ ಉಂಗುರ, ಬೇರೆ ದಿನ ನೋಡಿದರೆ ಇದೇನು ಸೊಟ್ಟಗಿದೆ ಅನ್ನಿಸುತ್ತದೆ. ಆ ಕೆಲವು ನಿಮಿಷ ಮಾತ್ರ ಅದರ ನೆರಳು ನೆಲದ ಮೇಲೆ ಅಚ್ಚುಕಟ್ಟಾದ ವೃತ್ತವಾಗುತ್ತದೆ. ಹೋದ ಮೇಲೆ ಪಕ್ಕದ ರಾಜ್ಯ ಶಾಸನಸಭೆಯನ್ನೂ ನೋಡಿ: ಗುಮ್ಮಟವಿಲ್ಲ, ಸಭಾಂಗಣಗಳು ಜ್ವಾಲಾಮುಖಿಯ ಕೋನದಂತಿವೆ, ಕಂಬಗಳು ತೆಂಗಿನ ಜಾತಿಯ ಮರದಂತೆ, ಕಡಲಿನ ಸಂಕೇತವಾಗಿ ಸುತ್ತ ಕೊಳ ರೂಪಿಸಿದ್ದರು.

ಮೊದಲ ನಡಿಗೆ: ನೂವಾನುವಿನಿಂದ ಚೈನಾಟೌನ್

ಒಂದೇ ನಡಿಗೆಗೆ ಸಮಯವಿದ್ದರೆ ಇದನ್ನೇ ಮಾಡಿ. ದೂರ ಮೂರು ಕಿಲೋಮೀಟರಿನ ಆಸುಪಾಸು, ನಿಂತು ನೋಡುತ್ತ ಹೋದರೆ ಮೂರ್ನಾಲ್ಕು ಗಂಟೆ.

ಪೇಟೆಯಿಂದ ನೂವಾನು ಅವೆನ್ಯೂ ಏರುವ ಬಸ್ಸು ಹತ್ತಿ ಓಹಾಹು ಸಿಮೆಟರಿ ಬಳಿ ಇಳಿಯಿರಿ. 1844ರ ಸ್ಮಶಾನ. ಇಲ್ಲಿ ಅಲೆಕ್ಸಾಂಡರ್ ಕಾರ್ಟ್‌ರೈಟ್ ಸಮಾಧಿ ಇದೆ. ನ್ಯೂಯಾರ್ಕಿನಲ್ಲಿ ಬೇಸ್‌ಬಾಲ್ ಆಟದ ಆರಂಭಿಕ ನಿಯಮಗಳನ್ನು ರೂಪಿಸಿದವರ ಪೈಕಿ ಒಬ್ಬ, ಆಮೇಲೆ ಹೊನೊಲುಲುವಿಗೆ ಬಂದು ಇಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥನಾದ, 1892ರಲ್ಲಿ ತೀರಿಕೊಂಡ. ಅಭಿಮಾನಿಗಳು ಸಮಾಧಿಯ ಮೇಲೆ ಚೆಂಡುಗಳನ್ನು ಇಟ್ಟುಹೋಗುತ್ತಾರೆ, ಕೆಲವಕ್ಕೆ ಸಹಿಯೂ ಇರುತ್ತದೆ. ಮುಟ್ಟದೆ ನೋಡಿ. ಸ್ಮಶಾನದಲ್ಲಿ ದೇವಗಣಗಿಲೆ ಮರಗಳನ್ನೂ ಗಮನಿಸಿ. ನಮ್ಮಲ್ಲಿ ಗುಡಿಯ ಅಂಗಳದಲ್ಲಿ ಕಾಣುವ ಇದೇ ಮರ ಹವಾಯಿಯಲ್ಲಿ ಬಹಳ ಕಾಲ ಸ್ಮಶಾನದ ಮರವಾಗಿತ್ತು, ಈಗ ಪ್ರವಾಸಿಗರ ಕೊರಳಿಗೆ ಬಿದ್ದಿದೆ.

ಇಳಿಯುತ್ತ ಬಂದರೆ ರಸ್ತೆ ಬದಿಯಲ್ಲಿ ಸೋತೊ ಮಿಷನ್. ಜಪಾನಿ ಝೆನ್ ಪಂಥದ ಮಂದಿರ, ಆದರೆ ತಲೆಯ ಮೇಲಿನ ಗೋಪುರ ಬೋಧಗಯೆಯ ಮಹಾಬೋಧಿಯ ನೆನಪು ತರುತ್ತದೆ. ಪಕ್ಕದ ಪಾಲಿ ಹೈವೇ ಕಡೆ ದಾಟಿದರೆ 1918ರ ಹೊಂಪ ಹೊಂಗ್ವಾಂಜಿ, ಅಲ್ಲೂ ಭಾರತದ ಸ್ತೂಪದ ಛಾಯೆ. ಕಬ್ಬಿನ ತೋಟಗಳಿಗೆ ಜಪಾನಿನಿಂದ ಕೂಲಿಗಳಾಗಿ ಬಂದವರ ಧರ್ಮ ಬುದ್ಧನ ನಾಡಿನ ರೂಪವನ್ನು ಹೊದ್ದು ಪೆಸಿಫಿಕ್ ನಡುವೆ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಾಂತ್ಯದ ಸಂಜೆಗಳಲ್ಲಿ ಇಂಥ ಮಂದಿರಗಳ ಅಂಗಳದಲ್ಲಿ ಬಾನ್ ನೃತ್ಯ ಇರುತ್ತದೆ, ಪಿತೃಗಳ ನೆನಪಿನಲ್ಲಿ. ನಡುವೆ ಡೋಲಿನ ಮಂಟಪ, ಸುತ್ತ ವೃತ್ತದಲ್ಲಿ ಜನ. ಹೊರಗಿನವರೂ ಸೇರಬಹುದು, ಹೆಜ್ಜೆ ತಪ್ಪಿದರೆ ಯಾರೂ ನಗುವುದಿಲ್ಲ.

ಇನ್ನೂ ಕೆಳಗೆ ವಿನ್ಯಾರ್ಡ್ ಬುಲವಾರ್ಡ್ ಮೇಲೆ ಫಾಸ್ಟರ್ ಸಸ್ಯೋದ್ಯಾನ. ಹೊರಗಿನವರಿಗೆ ಐದು ಡಾಲರ್. ಕೊಡಿ, ಚೌಕಾಸಿ ಯೋಚನೆ ಬೇಡ. 1853ರಲ್ಲಿ ವಿಲಿಯಂ ಹಿಲೆಬ್ರಾಂಡ್ ಎಂಬ ವೈದ್ಯ ಈ ಜಾಗದಲ್ಲಿ ಗಿಡ ನೆಡಲು ತೊಡಗಿದ. ಆಮೇಲೆ ಒಡತಿಯಾದ ಮೇರಿ ಫಾಸ್ಟರ್ ಶ್ರೀಲಂಕಾದ ಬೌದ್ಧ ಪ್ರಚಾರಕ ಅನಾಗಾರಿಕ ಧರ್ಮಪಾಲರನ್ನು 1893ರಲ್ಲಿ ಭೇಟಿಯಾದಳು. ಆ ನಂಟಿನಿಂದ ಅನುರಾಧಪುರದ ಬೋಧಿವೃಕ್ಷದ ಸಂತತಿಯೊಂದು ಇಲ್ಲಿಗೆ ಬಂತು. ನಾವು ದಿನಾ ಕಟ್ಟೆ ಕಟ್ಟಿ ಸುತ್ತುವ ಅರಳಿಯೇ, ಆದರೆ ಇಲ್ಲಿ ಅದಕ್ಕೆ ಫಲಕ, ಬೇಲಿ, ಎಲ್ಲ ಇದೆ. ಸ್ವಲ್ಪ ದೂರದಲ್ಲಿ ನಾಗಲಿಂಗದ ಮರ, ಬುಡದಿಂದಲೇ ಫಿರಂಗಿ ಗುಂಡಿನಂಥ ಕಾಯಿ ಜೋತುಬಿಟ್ಟುಕೊಂಡು ನಿಂತಿರುತ್ತದೆ. ಅಮೆರಿಕನ್ನರು ಅದರ ಕಾಯಿ ನೋಡಿ ಬೆರಗಾಗುತ್ತಾರೆ. ಹೂವಿನ ನಡುವೆ ಹೆಡೆಯಡಿಯ ಲಿಂಗವನ್ನು ಅವರಿಗೆ ತೋರಿಸಿಕೊಡುವ ಅವಕಾಶ ನಿಮ್ಮದು.

ತೋಟದ ಪಕ್ಕದಲ್ಲೇ ಗುವಾನ್ ಯಿನ್ ದೇಗುಲ, ಹಸಿರು ಹೆಂಚು, ಊದುಬತ್ತಿಯ ಹೊಗೆ, ನೈವೇದ್ಯಕ್ಕೆ ಕಿತ್ತಳೆ. ಹಳ್ಳ ದಾಟಿದರೆ ಇಜುಮೊ ತೈಶಾಕ್ಯೊ ಎಂಬ ಶಿಂಟೊ ಗುಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ಕಸಿದುಕೊಂಡಿದ್ದರು, ದೀರ್ಘ ಹೋರಾಟದ ನಂತರ 1960ರ ದಶಕದಲ್ಲಿ ಭಕ್ತರ ಕೈಗೆ ವಾಪಸು ಬಂತು.

ಇನ್ನು ಚೈನಾಟೌನ್. ಇಲ್ಲಿ ತಲೆ ಎತ್ತಿ ನಡೆಯಿರಿ. ಕಟ್ಟಡಗಳ ನೆತ್ತಿಯ ಮೇಲೆ ಇಸವಿ ಕೆತ್ತಿರುತ್ತದೆ, ಬಹುತೇಕ 1900ರ ನಂತರದವು. ಕಾರಣ ಇದೆ. 1899ರ ಕೊನೆಗೆ ಪ್ಲೇಗ್ ಬಂದಾಗ ಆರೋಗ್ಯ ಮಂಡಳಿ ಸೋಂಕಿನ ಮನೆಗಳನ್ನು ಸುಡಿಸುತ್ತಿತ್ತು. 1900ರ ಜನವರಿ 20ರಂದು ಗಾಳಿ ತಿರುಗಿ ಆ ಬೆಂಕಿ ಕೈಮೀರಿತು. ಬಡಾವಣೆಯ ಹೆಚ್ಚಿನ ಭಾಗ ಬೂದಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬೀದಿಪಾಲು. ಹಾಗೆಯೇ ತಲೆ ಬಗ್ಗಿಸಿಯೂ ನಡೆಯಿರಿ: ಫುಟ್‌ಪಾತಿನ ಕೆಲವೆಡೆ ಬೂದುಬಣ್ಣದ ಗ್ರಾನೈಟ್ ಚಪ್ಪಡಿಗಳಿವೆ. ಜ್ವಾಲಾಮುಖಿಯ ದ್ವೀಪದಲ್ಲಿ ಗ್ರಾನೈಟ್ ಹುಟ್ಟುವುದಿಲ್ಲ. ಹಡಗುಗಳು ತೂಕಕ್ಕೆಂದು ತುಂಬಿಕೊಂಡು ಬಂದ ಕಲ್ಲುಗಳವು.

ಮೌನಾಕೆಯಾ ಬೀದಿಯ ಹೂವಿನ ಅಂಗಡಿಗಳ ಮುಂದೆ ನಮ್ಮವರು ನಿಂತೇ ನಿಲ್ಲುತ್ತಾರೆ. ಒಳಗೆ ಹೆಂಗಸರು ಉದ್ದನೆಯ ಸೂಜಿಯಲ್ಲಿ ಹಾರ ಪೋಣಿಸುತ್ತಿರುತ್ತಾರೆ. ಫ್ರಿಜ್ಜಿನಲ್ಲಿ ಸುಗಂಧರಾಜ ಇರುತ್ತದೆ. ಪಿಕಾಕೆ ಎನ್ನುವುದು ನಮ್ಮ ದುಂಡುಮಲ್ಲಿಗೆ. ರಾಜಕುಮಾರಿ ಕೈಉಲಾನಿಗೆ ನವಿಲೂ ಈ ಹೂವೂ ಅಚ್ಚುಮೆಚ್ಚಾಗಿದ್ದರಿಂದ ಹೂವಿಗೆ ನವಿಲಿನ ಹೆಸರೇ ನಿಂತಿತು. ಮದುವಣಗಿತ್ತಿಯರಿಗೆ ಎಳೆಎಳೆಯಾಗಿ ಹಾಕುವ ದುಬಾರಿ ಹಾರ ಅದು, ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಡಿ. ಎಲ್ಲಕ್ಕಿಂತ ತಮಾಷೆ ಎಕ್ಕದ ಹೂವು. ನಾವು ಆಂಜನೇಯನಿಗೆ ಮೀಸಲಿಟ್ಟು, ಗಿಡವನ್ನು ಹಾಳುಬಿದ್ದ ಜಾಗದ್ದೆಂದು ತಾತ್ಸಾರ ಮಾಡುವ ಎಕ್ಕ, ಹವಾಯಿಯ ಕೊನೆಯ ರಾಣಿ ಲಿಲಿಉಓಕಲಾನಿಗೆ ಪ್ರಿಯವಾದ ಹೂವು, ನಡುವಿನ ಪುಟ್ಟ ಕಿರೀಟಕ್ಕೆ ಮನಸೋತು. ಮನೆಯ ಮುಂದೆ ಮುತುವರ್ಜಿಯಿಂದ ಬೆಳೆಸುವವರೂ ಇದ್ದಾರೆ. ಅಂಥ ಗಿಡ ಕಂಡರೆ ಮೋನಾರ್ಕ್ ಚಿಟ್ಟೆಯ ಹುಳುಗಳಿಗಾಗಿ ಎಲೆ ತಿರುವಿ ನೋಡಿ. ಓಹಾಹುವಿನಲ್ಲಿ ಆ ಚಿಟ್ಟೆಯ ಅಪರೂಪದ ಬಿಳಿ ಬಗೆಯೂ ಇದೆ.

ಮರದ ಮೇಲೆ, ಹುಲ್ಲಿನ ಮೇಲೆ

ಯಾವ ಬಡಾವಣೆಯಲ್ಲೇ ಆಗಲಿ ಮರದ ಕಾಂಡಕ್ಕೆ ನೀಲಿ ರಿಬ್ಬನ್ ಸುತ್ತಿದ್ದರೆ ನಿಂತುಬಿಡಿ. ಮೇಲೆಲ್ಲೋ ಮನು-ಓ-ಕೂ ಎಂಬ ಅಚ್ಚಬಿಳಿ ಕಡಲಹಕ್ಕಿಯ ಮೊಟ್ಟೆಯೋ ಮರಿಯೋ ಇದೆ ಎಂದರ್ಥ. ಈ ಹಕ್ಕಿ ಗೂಡು ಕಟ್ಟುವುದೇ ಇಲ್ಲ. ಬರಿಯ ಕೊಂಬೆಯ ತಗ್ಗಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಮರಿಯ ಪಾದಗಳು ಮೈಗೆ ಮೀರಿ ದೊಡ್ಡವು, ಗಾಳಿಗೆ ಕೊಂಬೆ ತೂಗಿದರೂ ಕಚ್ಚಿಕೊಂಡು ಕೂತಿರುತ್ತದೆ. ಕೊಂಬೆ ಕತ್ತರಿಸಲು ಬರುವವರಿಗೆ ಎಚ್ಚರಿಕೆಯಾಗಲಿ ಎಂದು ಸ್ವಯಂಸೇವಕರು ಈ ರಿಬ್ಬನ್ ಕಟ್ಟುತ್ತಾರೆ. ಓಹಾಹುವಿನಲ್ಲಿ ಇದು ಮರಿ ಮಾಡಿದ್ದು ಮೊದಲು ದಾಖಲಾದದ್ದು 1961ರಲ್ಲಿ. 2007ರಲ್ಲಿ ಹೊನೊಲುಲುವಿನ ಅಧಿಕೃತ ಹಕ್ಕಿಯಾಯಿತು. ಕಾಡು ಬಿಟ್ಟು ಟ್ರಾಫಿಕ್ ಸಿಗ್ನಲ್ ಮೇಲಿನ ಮರವನ್ನೇ ಆರಿಸಿಕೊಳ್ಳುವ ಇದರ ಗುಣ ವಿಚಿತ್ರ. ವೈಕಿಕಿ, ಕಪಿಓಲಾನಿ ಪಾರ್ಕ್, ಹಳೆ ಪೇಟೆ, ಎಲ್ಲೆಡೆ ಇದೆ. ಕೊಂಬೆಯ ಕೆಳಗೆ ನೆಲದ ಮೇಲೆ ಬಿಳಿ ಹಿಕ್ಕೆಯ ಚುಕ್ಕೆ ಕಂಡರೆ ಮೇಲೆ ನೋಡಿ.

ಆಗಸ್ಟ್‌ನಿಂದ ಏಪ್ರಿಲ್ ನಡುವೆ ಹೋದರೆ ಹುಲ್ಲುಹಾಸುಗಳಲ್ಲಿ ಒಂಟಿಯಾಗಿ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವ ಕಂದು ಹಕ್ಕಿ ಕೋಲೆಯಾ. ಅಲಾಸ್ಕದಿಂದ ಕಡಲ ಮೇಲೆ ಎಲ್ಲೂ ಇಳಿಯದೆ ಹಾರಿ ಬರುತ್ತದೆ, ಪ್ರತಿ ವರ್ಷ ಅದೇ ಹುಲ್ಲುಹಾಸಿಗೆ. ಕೆಲವು ಮನೆಯವರು ತಮ್ಮ ಅಂಗಳದ ಕೋಲೆಯಾಗೆ ಹೆಸರಿಟ್ಟು ಕಾಯುತ್ತಾರೆ.

ಉಳಿದ ಗಲಾಟೆ ನಮ್ಮ ಗೊರವಂಕಗಳದ್ದು. ಹುಳು ತಿನ್ನಲೆಂದು 1865ರಲ್ಲಿ ಭಾರತದಿಂದ ತಂದವನು ಅದೇ ಡಾಕ್ಟರ್ ಹಿಲೆಬ್ರಾಂಡ್. ಕೆಂಪು ಬುಡದ ಪಿಕಳಾರವೂ ಇದೆ. ಬೇಲಿಯಡಿಯಲ್ಲಿ ಸರ್ರನೆ ಓಡಿದ್ದು ಮುಂಗುಸಿ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1883ರಲ್ಲಿ ಜಮೈಕದಿಂದ ತಂದರು, ಅದರ ಮೂಲವೂ ಭಾರತವೇ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಇಲಿ ಉಳಿಯಿತು, ನೆಲದ ಮೇಲೆ ಗೂಡಿಡುವ ಸ್ಥಳೀಯ ಹಕ್ಕಿಗಳು ಹೋದವು. ಇನ್ನೊಂದು ಸಮಾಧಾನ: ಎರೆಹುಳದಂಥ ನಿರಪಾಯದ ಕುರುಡು ಹಾವೊಂದನ್ನು ಬಿಟ್ಟರೆ ನೆಲದ ಮೇಲೆ ಹಾವೇ ಇಲ್ಲ. ಹುಲ್ಲಿನಲ್ಲಿ ಧೈರ್ಯವಾಗಿ ಕಾಲಿಡಿ.

ಎರಡನೆಯ ನಡಿಗೆ: ಕೈಮುಕಿಯಿಂದ ಕಪಹುಲು

ಇಲ್ಲಿ ನೋಡಬೇಕಾದದ್ದು ಮನೆಗಳನ್ನು. ಕೈಮುಕಿಯಲ್ಲಿ ಒಂದು ಕಾಲಕ್ಕೆ ಆಸ್ಟ್ರಿಚ್ ಸಾಕಣೆ ನಡೆದಿತ್ತು. ಈಗ ವೈಆಲೈ ಅವೆನ್ಯೂ ಅಂಗಡಿ ಸಾಲಿನ ಹಿಂದೆ ಹಳೆಯ ಮರದ ಮನೆಗಳು. ಗೋಡೆ ಒಂದೇ ಹಲಗೆ ದಪ್ಪ, ಚಳಿಯೇ ಇಲ್ಲದ ಊರಿಗೆ ಅಷ್ಟು ಸಾಕಾಗಿತ್ತು. ಕಿಟಕಿಗಳಿಗೆ ಗಾಜಿನ ಪಟ್ಟಿಗಳ ಲೂವರ್. ಕಾಂಪೌಂಡು ಕಪ್ಪು ಲಾವಾ ಕಲ್ಲಿನದು. ಮೂಲೆಗಳಲ್ಲಿ ಉದ್ದೆಲೆಯ 'ಟೀ' ಗಿಡ (ಚಹಾ ಗಿಡವಲ್ಲ), ಕೆಟ್ಟದ್ದು ಒಳಬಾರದಿರಲಿ ಎಂದು. ಬಾಗಿಲ ಹೊರಗೆ ಹವಾಯಿ ಚಪ್ಪಲಿಗಳ ರಾಶಿ. ಅಮೆರಿಕದಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಹೋಗುವ ರಾಜ್ಯ ಇದೊಂದೇ ಇರಬೇಕು. ಅಂಗಳದ ಮರಗಳನ್ನು ಗುರುತಿಸುತ್ತ ನಡೆಯಿರಿ: ಜೀಗುಜ್ಜೆ, ಮಾವು, ಪರಂಗಿ, ಕೇದಗೆ, ಅಲ್ಲಲ್ಲಿ ಸುರಹೊನ್ನೆ. ಮೇ ತಿಂಗಳ ಶುರುವಿನಲ್ಲಿ ಕೆಲವು ಮನೆಗಳ ಮೇಲೆ ಮೀನಿನಾಕಾರದ ಬಟ್ಟೆಯ ಪತಾಕೆಗಳು ಹಾರುತ್ತವೆ, ಗಂಡುಮಕ್ಕಳ ಹಬ್ಬಕ್ಕೆ.

ಈ ಭಾಗದಲ್ಲಿ 'ಕ್ರ್ಯಾಕ್ ಸೀಡ್' ಅಂಗಡಿಯನ್ನು ತಪ್ಪಿಸಬೇಡಿ. ದೊಡ್ಡ ಗಾಜಿನ ಜಾಡಿಗಳಲ್ಲಿ ಉಪ್ಪು, ಹುಳಿ, ಸಿಹಿ ಬೆರೆತ ಒಣ ಪ್ಲಮ್, ಶುಂಠಿ, ಮಾವು. ತೂಕ ಹಾಕಿ ಪೊಟ್ಟಣ ಕಟ್ಟಿಕೊಡುತ್ತಾರೆ. ಹುಣಸೆಹಣ್ಣು ಕದ್ದು ತಿಂದು ಬೆಳೆದ ನಾಲಿಗೆಗೆ ಇದು ಕೂಡಲೇ ಹಿಡಿಸುತ್ತದೆ.

ಅಲ್ಲಿಂದ ಇಳಿದರೆ ಕಪಹುಲು ಅವೆನ್ಯೂ. 1952ರಿಂದ ನಡೆಯುತ್ತಿರುವ ಲಿಯೊನಾರ್ಡ್ಸ್ ಬೇಕರಿಯ ಹಳೆ ನಿಯಾನ್ ಬೋರ್ಡು, ಅದರಡಿ ಮಲಸಾದಾಕ್ಕೆ ಸಾಲು. ಪೋರ್ಚುಗೀಸ್ ಕೂಲಿಗಳು ತಂದ, ಸಕ್ಕರೆಯಲ್ಲಿ ಹೊರಳಿಸಿದ ಕರಿದ ತಿಂಡಿ. ಮೊಟ್ಟೆ ಇರುತ್ತದೆ, ಸಸ್ಯಾಹಾರಿಗಳು ಗಮನಿಸಿ. ಅವರಿಗೆ ಶೇವ್ ಐಸ್, ತೆಂಗಿನ ಹಾಲಿನ ಹೌಪಿಯಾ, ಕೆಸುವಿನ ಗೆಡ್ಡೆಯ ಚಿಪ್ಸ್ ಸಿಗುತ್ತವೆ. ಕೆಸುವನ್ನೇ ಬೇಯಿಸಿ ಅರೆದ ಪೋಯಿಯನ್ನು ಒಮ್ಮೆ ರುಚಿ ನೋಡಿ. ಸಪ್ಪೆ ಎಂದು ಮುಖ ಸಿಂಡರಿಸುವವರೇ ಹೆಚ್ಚು, ಗಂಜಿ ಪ್ರಿಯರಿಗೆ ಕಷ್ಟವಾಗದು.

ರಸ್ತೆ ಮುಗಿಯುವುದು ಕಡಲಿನಲ್ಲೇ, ಅಕ್ಷರಶಃ. ನೀರಿನೊಳಗೆ ಚಾಚಿದ ಕಾಂಕ್ರೀಟ್ ಗೋಡೆಯ ಪಕ್ಕದಲ್ಲಿ ಹುಡುಗರು ಪುಟ್ಟ ಹಲಗೆ ಹಿಡಿದು ಅಲೆ ಏರುತ್ತಿರುತ್ತಾರೆ. ಹತ್ತಿರದಲ್ಲೇ ಮೃಗಾಲಯದ ಬಳಿ ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿಯ ಪ್ರತಿಮೆ. ಈ ಊರಿನಲ್ಲಿ ಅಲೋಹಾ ಶರ್ಟುಗಳನ್ನು ಜನಪ್ರಿಯಗೊಳಿಸಿದ ವ್ಯಾಪಾರಿಗಳಲ್ಲಿ ಸಿಂಧಿನಿಂದ ಬಂದ ವಾಟುಮಲ್ ಮನೆತನವೂ ಒಂದು ಎಂಬುದನ್ನು ಪ್ರತಿಮೆಯ ಮುಂದೆ ನಿಂತು ನೆನೆದರೆ ತಪ್ಪಿಲ್ಲ.

ನಡೆಯುವವರ ನಡತೆ

ರಸ್ತೆ ದಾಟುವಾಗ ಫೋನ್ ನೋಡಬೇಡಿ. ಬುದ್ಧಿಮಾತಲ್ಲ, ಕಾನೂನು: 2017ರಿಂದ ಹೊನೊಲುಲುವಿನಲ್ಲಿ ಅದಕ್ಕೆ ದಂಡವಿದೆ, ಮೊದಲ ಸಲ 15ರಿಂದ 35 ಡಾಲರ್. ನಕ್ಷೆ ಬೇಕಿದ್ದರೆ ಫುಟ್‌ಪಾತಿನಲ್ಲಿ ನಿಂತು ನೋಡಿ.

'ಕಪು' ಎಂಬ ಬೋರ್ಡಿದ್ದರೆ ಪ್ರವೇಶವಿಲ್ಲ, ವಾದ ಬೇಡ. ಹಳೆಯ ಕಲ್ಲಿನ ಜಗಲಿಗಳು ಹೇಯಾವ್ ಎಂಬ ಪೂಜಾಸ್ಥಳಗಳು, ಹತ್ತಬಾರದು. ಟೀ ಎಲೆಯಲ್ಲಿ ಸುತ್ತಿದ ಕಲ್ಲು ಕಂಡರೆ ಅನುಕರಿಸಿ ಇನ್ನೊಂದು ಇಡುವುದೂ ಬೇಡ. ಕಲ್ಲು ಮನೆಗೆ ತರುವುದಂತೂ ಬೇಡವೇ ಬೇಡ. ಮನೆಗಳ ಫೋಟೊ ತೆಗೆಯುವುದಾದರೆ ಅಂಗಳದಲ್ಲಿ ಯಾರೂ ಇಲ್ಲದಾಗ, ಬೀದಿಯಿಂದ. ಚೈನಾಟೌನಿನಲ್ಲಿ ಬೀದಿಯಲ್ಲೇ ಮಲಗಿದವರು ಅನೇಕರಿದ್ದಾರೆ, ಅವರತ್ತ ಕ್ಯಾಮೆರಾ ತಿರುಗಿಸಬೇಡಿ. ಕತ್ತಲಾದ ಮೇಲೆ ಅಲ್ಲಿನ ಒಳಬೀದಿಗಳು ನಡಿಗೆಗೆ ತಕ್ಕವಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಹೈಕು ಮೆಟ್ಟಿಲು ಮುಚ್ಚಿದೆ, ಹತ್ತಿದರೆ ಅತಿಕ್ರಮಣ.

ಇದಕ್ಕೆ ವಿರುದ್ಧ, ಹೋಗಬಹುದಾದರೂ ನಮ್ಮವರು ಸಂಕೋಚಪಟ್ಟು ಹೋಗದ ಜಾಗವೊಂದಿದೆ. ಕಾಹಾಲಾ, ಲಾನಿಕೈಯಂಥ ಶ್ರೀಮಂತ ಬಡಾವಣೆಗಳಲ್ಲಿ ಎರಡು ಬಂಗಲೆಗಳ ನಡುವೆ ಒಬ್ಬರು ಹಿಡಿಸುವಷ್ಟು ಓಣಿ ಕಾಣುತ್ತದೆ. ಸಾರ್ವಜನಿಕ ದಾರಿ ಎಂಬ ಫಲಕ ಇದ್ದರೆ ನಿಶ್ಚಿಂತೆಯಿಂದ ನುಗ್ಗಿ. ಹವಾಯಿಯಲ್ಲಿ ಬೀಚು ಎಲ್ಲರದೂ.

ಬೇರೆ ದ್ವೀಪಕ್ಕೆ ಹೋಗುವವರಿಗೆ

ಬಿಗ್ ಐಲ್ಯಾಂಡಿನ ಹಿಲೊ ಊರಿನಲ್ಲಿ ಕಡಲತಡಿಯ ಉದ್ದಕ್ಕೂ ವಿಶಾಲ ಹಸಿರು ಬಯಲು. ಎಷ್ಟು ಚೆಂದದ ಪಾರ್ಕು ಎಂದುಕೊಳ್ಳುವ ಮೊದಲು ತಿಳಿದಿರಲಿ, ಅಲ್ಲಿ ಶಿನ್‌ಮಾಚಿ, ವೈಆಕೆಯಾ ಎಂಬ ತುಂಬು ಬಡಾವಣೆಗಳಿದ್ದವು. 1946ರ ಮತ್ತು 1960ರ ಸುನಾಮಿಗಳು ಅವನ್ನು ಗುಡಿಸಿಹಾಕಿದವು, ಮತ್ತೆ ಮನೆ ಕಟ್ಟಲಿಲ್ಲ. ಕಾಮೆಹಾಮೆಹಾ ಅವೆನ್ಯೂ ಬದಿಯಲ್ಲಿ ಹಸಿರು ಕಂಬದ ಗಡಿಯಾರವೊಂದು 1:04ಕ್ಕೆ ನಿಂತಿದೆ. 1960ರ ಮೇ 23ರ ನಸುಕಿನಲ್ಲಿ ಅಲೆ ಬಡಿದ ಹೊತ್ತು ಅದು, ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಲೈಬ್ರರಿ ಮುಂದಿನ ನಾಹಾ ಕಲ್ಲನ್ನೂ ನೋಡಿ. ಟನ್‌ಗಟ್ಟಲೆ ತೂಗುವ ಅದನ್ನು ಹದಿಹರೆಯದ ಕಾಮೆಹಾಮೆಹಾ ಅಲುಗಾಡಿಸಿ ರಾಜನಾಗುವ ಭವಿಷ್ಯ ಪಡೆದ ಎಂಬ ಐತಿಹ್ಯವಿದೆ.

ಕೌಆಯಿ ದ್ವೀಪಕ್ಕೆ ಹೋಗುವವರಿಗೆ ಇರೈವನ್ ದೇವಾಲಯ. 2023ರಲ್ಲಿ ಕುಂಭಾಭಿಷೇಕವಾದ ಈ ಶಿವಾಲಯದ ಗ್ರಾನೈಟ್ ಕಲ್ಲುಗಳನ್ನು ಬೆಂಗಳೂರಿನ ಬಳಿ ಶಿಲ್ಪಿಗಳು ವರ್ಷಗಟ್ಟಲೆ ಉಳಿಯಿಂದ ಕೈಯಲ್ಲೇ ಕೆತ್ತಿ ಹಡಗಿನಲ್ಲಿ ಕಳಿಸಿದ್ದು. ಅದೊಂದು ಮಠ, ಸುಮ್ಮನೆ ಹೋಗಿ ನುಗ್ಗುವಂತಿಲ್ಲ. ಮುಂಚೆಯೇ ಅವರ ವೆಬ್‌ಸೈಟಿನಲ್ಲಿ ಹೆಸರು ಕೊಟ್ಟು ಸಮಯ ಗೊತ್ತುಮಾಡಿಕೊಳ್ಳಿ, ಚಡ್ಡಿ ಹಾಕಿಕೊಂಡು ಹೋಗಬೇಡಿ.